ಹೊಲದ ಕ್ಯಾಮೆರಾಕ್ಕೆ ತಂತಿ ಎಳೆಯುವ ಮುನ್ನ

ಕುರಿ ರೊಪ್ಪಕ್ಕೆ, ಬೋರಿನ ಶೆಡ್ಡಿಗೆ, ಕಣಕ್ಕೆ ಕ್ಯಾಮೆರಾ ಹಾಕಿಸುವವರು ನಮ್ಮ ಬಯಲುಸೀಮೆಯಲ್ಲಿ ಈಗ ಸಾಕಷ್ಟು ಮಂದಿ. ಜಾತ್ರೆ, ಹಬ್ಬ ಹತ್ತಿರ ಬಂತೆಂದರೆ ರೊಪ್ಪದಿಂದ ರಾತ್ರೋರಾತ್ರಿ ಕುರಿ ಎತ್ತಿಕೊಂಡು ಹೋಗುವವರು ಇದ್ದಾರೆ. ಮೋಟಾರಿನ ಕೇಬಲ್ ಕತ್ತರಿಸಿ ತಾಮ್ರ ಮಾರಿಕೊಳ್ಳುವವರು ಬೇರೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದೇ ಕುರಿ. ಅದೂ ಹೋದರೆ ಏನು ಉಳಿಯುತ್ತೆ ಅನ್ನುವುದನ್ನು ಖುಷ್ಕಿ ಬೇಸಾಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2011ರಲ್ಲಿ ಕೇಂದ್ರ ಸರ್ಕಾರ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಅದರ ಜೊತೆ ಕೇಬಲ್ ಟಿ.ವಿ.ಯವರೂ ಖಾಸಗಿ ಕಂಪನಿಯವರೂ ಸೇರಿ ಎಷ್ಟೋ ಹಳ್ಳಿಗಳಲ್ಲಿ ಮನೆ ಬಾಗಿಲ ತನಕ ಇಂಟರ್ನೆಟ್ ಬಂದಿದೆ. ಉಳಿದದ್ದು ಮನೆಯಿಂದ ಹೊಲದ ತನಕದ ದಾರಿ. ಅದು ನಮ್ಮದೇ ಹೊಣೆ, ದುಡ್ಡು ಪೋಲಾಗುವುದೂ ಇಲ್ಲೇ. ಕ್ಯಾಮೆರಾ ಯಾವುದು ಒಳ್ಳೇದು ಅಂತ ನಾಲ್ಕು ಅಂಗಡಿ ಸುತ್ತುತ್ತೇವೆ. ತಂತಿ ಯಾವುದು, ಆ ತುದಿಗೆ ಕರೆಂಟು ಎಲ್ಲಿಂದ ಅಂತ ಯಾರೂ ಕೇಳುವುದಿಲ್ಲ.

ಸಾಮಾನು ಆರಿಸುವ ಮೊದಲು ಎರಡು ಸಂಗತಿ ತಿಳಿದಿರಬೇಕು. ದೂರ ಎಷ್ಟು, ಮತ್ತು ಆ ತುದಿಯಲ್ಲಿ ಇಪ್ಪತ್ನಾಲ್ಕು ತಾಸೂ ಕರೆಂಟು ಇದೆಯೋ ಇಲ್ಲವೋ. ಇವೆರಡು ಗೊತ್ತಾದರೆ ಯಾವ ಸಾಮಾನು ಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತೆ. ಇವನ್ನು ಬಿಟ್ಟು ಅಂಗಡಿಗೆ ಹೋದರೆ ಅವನಲ್ಲಿ ಏನು ಮಿಕ್ಕಿದೆಯೋ ಅದು ನಮ್ಮ ಹೊಲಕ್ಕೆ ಬರುತ್ತೆ.

ನೂರು ಮೀಟರಿನ ಗಡಿ

ಲ್ಯಾನ್ ಕೇಬಲ್, ಕ್ಯಾಟ್ ಫೈವ್, ಕ್ಯಾಟ್ ಸಿಕ್ಸ್ ಅಂತ ಅಂಗಡಿಯಲ್ಲಿ ಕೊಡುವ ತಂತಿಯೊಳಗೆ ಎಂಟು ಸಣ್ಣ ತಂತಿಗಳಿರುತ್ತವೆ. ಎರಡೆರಡನ್ನು ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಕಿತ್ತಳೆ, ಹಸಿರು, ನೀಲಿ, ಕಂದು. ಈ ಪದ್ಧತಿಗೆ ಈಥರ್ನೆಟ್ ಅಂತ ಹೆಸರು. ಅಮೆರಿಕದಲ್ಲಿ 1973ರಲ್ಲಿ ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಜೋಡಿಸಲಿಕ್ಕೆ ಹುಟ್ಟಿದ ಪದ್ಧತಿ ಇದು. ಕಟ್ಟಡದೊಳಗೆ ಹುಟ್ಟಿದ್ದು ಅನ್ನುವುದು ನೆನಪಿರಲಿ. ಹೊಲದ ಅಳತೆ ಅದಕ್ಕೆ ಗೊತ್ತಿಲ್ಲ.

ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಈ ತಂತಿಯಲ್ಲಿ ಹೆಚ್ಚೆಂದರೆ 100 ಮೀಟರ್, ಅಂದರೆ ಸುಮಾರು 330 ಅಡಿ. ಅದಕ್ಕಿಂತ ದೂರವಾದರೆ ಮಾತು ಕ್ಷೀಣಿಸಿ ಆ ತುದಿಗೆ ತೊದಲು ಮುಟ್ಟುತ್ತೆ. ಅಳತೆಯನ್ನು ಕಣ್ಣಂದಾಜಿನಲ್ಲಿ ಮಾಡಬೇಡಿ. ಗೋಡೆ ಹತ್ತಿ ಇಳಿಯುವುದು, ಬದುವಿನ ಬಳಸು, ಎರಡೂ ತುದಿಯಲ್ಲಿ ಬಿಡುವ ಸುರುಳಿ, ಎಲ್ಲ ಸೇರಿಸಿ ಹಗ್ಗ ಹಿಡಿದು ಅಳೆಯಿರಿ. ನೋಟಕ್ಕೆ 80 ಮೀಟರ್ ಅನ್ನಿಸಿದ್ದು ಅಳೆದರೆ 110 ಆಗುವುದುಂಟು.

ಪೆಟ್ಟಿಗೆಯಲ್ಲಿ ಈ ತಂತಿ 305 ಮೀಟರ್ ಸುರುಳಿಯಾಗಿ ಬರುತ್ತೆ. ಪೂರ್ತಿ ಪೆಟ್ಟಿಗೆ ಎಳೆದರೆ ರೊಪ್ಪ ಮುಟ್ಟುತ್ತೆ ಅನ್ನುವವರಿದ್ದಾರೆ. ತಂತಿ ಮುಟ್ಟುತ್ತೆ, ಚಿತ್ರ ಮುಟ್ಟಲ್ಲ. "ನಮ್ಮ ಸ್ವಿಚ್ಚಿನಲ್ಲಿ 250 ಮೀಟರ್ ಹೋಗುತ್ತೆ" ಅಂತಲೂ ಹೇಳುತ್ತಾರೆ. ಅದು ಸುಳ್ಳಲ್ಲ. ಅಂಥ ಸ್ವಿಚ್ಚಿನಲ್ಲಿ ಒಂದು ಗುಂಡಿ ಇರುತ್ತೆ. ಅದನ್ನು ಒತ್ತಿದರೆ ವೇಗ 100ರಿಂದ 10ಕ್ಕೆ ಇಳಿಯುತ್ತೆ. ನಿಧಾನವಾಗಿ ಮಾತಾಡಿದರೆ ದೂರದವರಿಗೂ ತಿಳಿಯುವ ಹಾಗೆ. ಒಂದು ಕ್ಯಾಮೆರಾಕ್ಕೆ ಆ 10 ಸಾಕು. ಆದರೆ ಅಪ್ಪಟ ತಾಮ್ರದ ತಂತಿಯೇ ಆಗಬೇಕು. ಅಗ್ಗದ ತಂತಿಯಲ್ಲಿ ಆ ಅಳತೆ ನಂಬಿ ಕೂರುವ ಹಾಗಿಲ್ಲ.

ಇನ್ನೊಂದು ಉಪಾಯ ನಡುದಾರಿಯಲ್ಲಿ ಎಕ್ಸ್‌ಟೆಂಡರ್ ಅನ್ನುವ ಪುಟ್ಟ ಡಬ್ಬಿ. ಬಂದ ಮಾತನ್ನು ಕೇಳಿಸಿಕೊಂಡು ಹೊಸದಾಗಿ ಹೇಳುತ್ತೆ, ಮುಂದೆ ಇನ್ನೊಂದು 100 ಮೀಟರ್ ಹೋಗಬಹುದು. ತನಗೆ ಬೇಕಾದ ಕರೆಂಟನ್ನೂ ಅದೇ ತಂತಿಯಿಂದ ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುತ್ತೆ. ಒಂದು ಎಕ್ಸ್‌ಟೆಂಡರ್ ಹಾಕಿ 200 ಮೀಟರ್ ತನಕ ಹೋಗುವುದು ಸರಿಯೇ. ಎರಡು, ಮೂರು ಪೋಣಿಸುತ್ತ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹೊಲದ ನಡುವೆ ಒಂದೊಂದು ಡಬ್ಬಿಯೂ ಇರುವೆಗೆ, ನೀರಿಗೆ, ದನದ ಕಾಲಿಗೆ ಒಂದೊಂದು ಬಾಗಿಲು.

ರಾತ್ರಿ ಕುರುಡಾಗುವ ಕ್ಯಾಮೆರಾ

ದೂರಕ್ಕಿಂತ ಹೆಚ್ಚು ಜನ ಎಡವುವುದು ಕರೆಂಟಿನಲ್ಲಿ. ನಮ್ಮೂರಿನಲ್ಲೇ ನೋಡಿದ್ದನ್ನು ಹೇಳುತ್ತೇನೆ. ಪಕ್ಕದ ಹೊಲದವರು ಮನೆಯಿಂದ 80 ಮೀಟರ್ ದೂರದ ರೊಪ್ಪಕ್ಕೆ ಕ್ಯಾಮೆರಾ ಹಾಕಿಸಿದರು. ಹಾಕಿಕೊಟ್ಟವರು ಮನೆಯಲ್ಲಿ 12 ವೋಲ್ಟಿನ ಅಡಾಪ್ಟರ್ ಇಟ್ಟು, ಲ್ಯಾನ್ ತಂತಿಯಲ್ಲೇ ಮಿಕ್ಕಿರುವ ನೀಲಿ ಜೋಡಿಗೆ ಪ್ಲಸ್, ಕಂದು ಜೋಡಿಗೆ ಮೈನಸ್ ಕೊಟ್ಟರು. 100ರ ವೇಗದಲ್ಲಿ ಮಾತಿಗೆ ಬಳಕೆಯಾಗುವುದು ಕಿತ್ತಳೆ ಮತ್ತು ಹಸಿರು ಮಾತ್ರ, ಹಾಗಾಗಿ ಹೀಗೆ ಮಾಡಲು ಬರುತ್ತೆ. ಚಿತ್ರ ಚೆನ್ನಾಗಿ ಬಂತು. ದುಡ್ಡು ತಗೊಂಡು ಹೋದರು.

"ದೊಡ್ಡಪ್ಪಾ, ಹಗಲೆಲ್ಲ ಚೆನ್ನಾಗಿ ಕಾಣುತ್ತೆ, ಕತ್ತಲಾದ್ರೆ ಹೋಗುತ್ತೆ" ಅಂತ ಆ ಮನೆಯ ಹುಡುಗ ಬಂದ. ಕಳ್ಳ ಬರುವ ಹೊತ್ತಿಗೇ ಕಣ್ಣು ಮುಚ್ಚುವ ಕಾವಲುಗಾರ! ಅಂಗಡಿಯವರು ಕ್ಯಾಮೆರಾ ಬದಲಿಸಿ ಕೊಟ್ಟರು. ಅದೂ ಹಾಗೇ ಆಯಿತು.

ಮೀಟರ್ ಹಿಡಿದು ನೋಡಿದ ಮೇಲೆ ಗುಟ್ಟು ಗೊತ್ತಾಯಿತು. ಇದಕ್ಕೆ ಏಳನೇ ಕ್ಲಾಸಿನ ಗುಣಾಕಾರ ಸಾಕು. ಆ ತಂತಿ ಅಗ್ಗದ್ದು. 80 ಮೀಟರ್ ಹೋಗಿ ಬರುವ ದಾರಿಯ ತಡೆ ಸುಮಾರು 11 ಓಮ್. ಹಗಲು ಕ್ಯಾಮೆರಾ ಎಳೆಯುವುದು ಕಾಲು ಆಂಪ್. ಕಾಲನ್ನು 11ರಿಂದ ಗುಣಿಸಿದರೆ ಎರಡೂ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಯಿತು, ಕ್ಯಾಮೆರಾಕ್ಕೆ ಒಂಬತ್ತು ಚಿಲ್ಲರೆ ಸಿಕ್ಕಿತು. ಹೇಗೋ ನಡೆಯುತ್ತೆ. ಕತ್ತಲಾದ ಕೂಡಲೆ ಕ್ಯಾಮೆರಾದ ಐ.ಆರ್. ದೀಪಗಳು ಹೊತ್ತಿಕೊಳ್ಳುತ್ತವೆ, ಎಳೆತ ಅರ್ಧ ಆಂಪಿಗೆ ಏರುತ್ತೆ. ಈಗ ದಾರಿಯಲ್ಲಿ ಹೋಗುವುದು ಐದೂವರೆ ವೋಲ್ಟ್, ಉಳಿಯುವುದು ಆರೂವರೆ. ಕ್ಯಾಮೆರಾ ಸಾಯುತ್ತೆ. ಸತ್ತ ಕೂಡಲೆ ಎಳೆತ ಇಲ್ಲ, ವೋಲ್ಟೇಜ್ ಮೇಲೇಳುತ್ತೆ, ಮತ್ತೆ ಹುಟ್ಟುತ್ತೆ, ದೀಪ ಹೊತ್ತುತ್ತೆ, ಮತ್ತೆ ಸಾಯುತ್ತೆ. ರಾತ್ರಿಯೆಲ್ಲ ಇದೇ.

ಡ್ರಿಪ್ ಹಾಕಿದವರಿಗೆ ಇದು ಹೊಸದಲ್ಲ. ಲ್ಯಾಟರಲ್ ಉದ್ದವಾದರೆ ಕೊನೆಯ ಗಿಡಕ್ಕೆ ಹನಿ ಬರಲ್ಲ. ಅದಕ್ಕೆ ಏನು ಮಾಡುತ್ತೇವೆ? ಒತ್ತಡ ಹೆಚ್ಚಿಸುತ್ತೇವೆ, ಇಲ್ಲಾಂದ್ರೆ ಪೈಪು ದಪ್ಪ ಮಾಡುತ್ತೇವೆ. ಕರೆಂಟಿನವರು ಮಾಡುವುದೂ ಇದನ್ನೇ. ದೂರದಿಂದ ತರುವಾಗ 11 ಸಾವಿರ ವೋಲ್ಟಿನಲ್ಲಿ ತಂದು ನಮ್ಮ ಹೊಲದ ಟಿ.ಸಿ.ಯಲ್ಲಿ ಇಳಿಸುತ್ತಾರೆ. ವೋಲ್ಟ್ ಹೆಚ್ಚಾದಷ್ಟೂ ಅದೇ ಕೆಲಸಕ್ಕೆ ಆಂಪ್ ಕಡಿಮೆ, ಆಂಪ್ ಕಡಿಮೆಯಾದಷ್ಟೂ ದಾರಿಯ ನಷ್ಟ ಕಡಿಮೆ.

ಎಲೆ ನೋಡಿ ಬಡಿಸುವ ಕರೆಂಟು

ಲ್ಯಾನ್ ತಂತಿಯಲ್ಲಿ ಈ ಕೆಲಸ ಮಾಡುವುದಕ್ಕೆ ಪಿ.ಓ.ಇ. ಅನ್ನುತ್ತಾರೆ. ತಂತಿಯೊಳಗೆ 12 ಬದಲು 48 ವೋಲ್ಟಿನ ಆಸುಪಾಸು ಹರಿಯುತ್ತೆ. ಅದೇ ಕ್ಯಾಮೆರಾ ರಾತ್ರಿ 5 ವಾಟ್ ತಿಂದರೂ 48ರಲ್ಲಿ ಅದು ಆಂಪಿನ ಹತ್ತನೇ ಒಂದು ಪಾಲು. ಅದೇ 11 ಓಮಿನ ತಂತಿಯಲ್ಲೂ ನಷ್ಟ ಒಂದು ವೋಲ್ಟ್ ಚಿಲ್ಲರೆ. 48ರಲ್ಲಿ ಒಂದು ಹೋದರೆ ಲೆಕ್ಕಕ್ಕೇ ಇಲ್ಲ. ಪಕ್ಕದವರು ಮನೆಯಲ್ಲಿ ಪಿ.ಓ.ಇ. ಇಂಜೆಕ್ಟರ್ ಒಂದನ್ನು ತಂದಿಟ್ಟು ತಂತಿ ಬದಲಿಸಿದ ಮೇಲೆ ಅದೇ ಕ್ಯಾಮೆರಾ ಬೆಳಗಿನ ತನಕ ಎಚ್ಚರವಾಗಿದೆ.

ಇದರಲ್ಲಿ ಎರಡು ಜಾತಿ. ಒಂದು, ಸ್ಟ್ಯಾಂಡರ್ಡ್ ಪ್ರಕಾರದ್ದು. ಊಟಕ್ಕೆ ಬಡಿಸುವವರು ಎಲೆ ಹಾಕಿದೆಯೋ ಇಲ್ಲವೋ ನೋಡಿ ಬಡಿಸುವ ಹಾಗೆ, ಇದು ಮೊದಲು ಸಣ್ಣ ವೋಲ್ಟೇಜ್ ಬಿಟ್ಟು ಆ ತುದಿಯಲ್ಲಿ ತನ್ನ ಕರೆಂಟು ಉಣ್ಣುವ ಯಂತ್ರ ಇದೆಯೇ ಅಂತ ವಿಚಾರಿಸುತ್ತೆ. ಇದೆ ಅಂತ ಗುರುತು ಸಿಕ್ಕಿದ ಮೇಲೇ 48 ಬಿಡುತ್ತೆ. ಇನ್ನೊಂದು ಪ್ಯಾಸಿವ್ ಅನ್ನುವುದು, 24ರದ್ದೂ ಇದೆ, 48ರದ್ದೂ ಇದೆ. ಕೇಳುವುದೂ ಇಲ್ಲ, ನೋಡುವುದೂ ಇಲ್ಲ, ಸುರಿಯುತ್ತೆ. ಅದಕ್ಕೆ ಹೊಂದದ ಯಂತ್ರವನ್ನು ಚುಚ್ಚಿದರೆ ಸುಟ್ಟೇ ಹೋಗಬಹುದು. ಡಬ್ಬಿಯ ಮೇಲೆ 802.3 ಎ.ಎಫ್. ಅಥವಾ ಎ.ಟಿ. ಅಂತ ಬರೆದಿದ್ದರೆ ಮೊದಲ ಜಾತಿ. 2003ರಲ್ಲಿ ಬಂದ ಎ.ಎಫ್. ಮನೆ ತುದಿಯಲ್ಲಿ 15.4 ವಾಟ್ ಕೊಡುತ್ತೆ, ದಾರಿಯ ನಷ್ಟ ಕಳೆದು ಆ ತುದಿಗೆ 12.95 ಖಾತ್ರಿ. 2009ರ ಎ.ಟಿ.ಯಲ್ಲಿ 30 ಕೊಟ್ಟು 25.5. 2018ರಲ್ಲಿ ಬಂದ ಬಿ.ಟಿ. 90 ವಾಟ್ ತನಕ ಹೋಗುತ್ತೆ, ಹೊಲಕ್ಕೆ ಅದರ ಅಗತ್ಯ ಕಾಣೆ. ಒಂದು ಸಾದಾ ಕ್ಯಾಮೆರಾಕ್ಕೆ ಎ.ಎಫ್. ಧಾರಾಳ. ಕತ್ತು ತಿರುಗಿಸುವ ದೊಡ್ಡ ಕ್ಯಾಮೆರಾಕ್ಕೂ ನಡುವೆ ಎಕ್ಸ್‌ಟೆಂಡರ್ ಇದ್ದರೂ ಎ.ಟಿ. ತಗೊಳ್ಳಿ. ಕ್ಯಾಮೆರಾಕ್ಕೇ ಪಿ.ಓ.ಇ. ಇಲ್ಲದಿದ್ದರೆ ಅದರ ಹತ್ತಿರ 48ನ್ನು 12ಕ್ಕೆ ಇಳಿಸುವ ಸ್ಪ್ಲಿಟರ್ ಸಿಗುತ್ತೆ. ನಮ್ಮ ಟಿ.ಸಿ. ಮಾಡುವ ಕೆಲಸವೇ.

ತಂತಿಯ ಬಗ್ಗೆ ಒಂದು ಮಾತು. ಅಗ್ಗದ ತಂತಿಯಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಪೆಟ್ಟಿಗೆಯ ಮೇಲೆ ಸಿ.ಸಿ.ಎ. ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಕೆಲವರು ಅದನ್ನೂ ಬರೆಯಲ್ಲ. ತಡೆ ತಾಮ್ರಕ್ಕಿಂತ ಒಂದೂವರೆ ಪಟ್ಟು ಹೆಚ್ಚು, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತೆ. ಕೊಳ್ಳುವಾಗ ಒಂದು ತುದಿ ಬಿಚ್ಚಿಸಿ ಚಾಕುವಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಹಾಗೇ ಸುತ್ತಿ ವಾಪಸ್ ಕೊಡಿ. ಪೆಟ್ಟಿಗೆ ಎತ್ತಿ ನೋಡಿದರೂ ತಿಳಿಯುತ್ತೆ, ತಾಮ್ರದ್ದು ಕೈಗೆ ಭಾರ ಹತ್ತುತ್ತೆ. ಬಿಸಿಲಿಗೆ ಬೀಳುವ ಕಡೆ ಕಪ್ಪು ಹೊದಿಕೆಯ ಹೊರಾಂಗಣ ತಂತಿಯೇ ಬೇಕು. ಮನೆಯೊಳಗಿನ ಬೂದು ತಂತಿ ನಮ್ಮ ಬಿಸಿಲಿಗೆ ಬಿರಿಯುತ್ತೆ.

ಸಿಡಿಲಿಗೆ ಅಂಜಿಕೆಯಿಲ್ಲದ ಎಳೆ

ನಮ್ಮ ರೊಪ್ಪ ಮನೆಯಿಂದ 280 ಮೀಟರ್. ನಡುವೆ ಹುಣಸೆ, ಹೊಂಗೆ ಮರಗಳ ಸಾಲು. ಜಾಗ ತಗ್ಗು, ಮೊಬೈಲ್ ಸಿಗ್ನಲ್ ಬರುವುದೂ ಒಂದೇ, ಬಿಡುವುದೂ ಒಂದೇ. ಎರಡು ತುದಿಗೂ ಮರ ಅಡ್ಡವಿಲ್ಲದೆ ನೇರ ಕಾಣುವಂತಿದ್ದರೆ ತಂತಿಯಿಲ್ಲದ ರೇಡಿಯೋ ಜೋಡಿ ಸಾಕು, ಅಗೆತದ ಕೂಲಿಯೂ ಉಳಿಯುತ್ತೆ. ಸಿಗ್ನಲ್ ಚೆನ್ನಾಗಿರುವವರು ಸಿಮ್ ಹಾಕುವ ಕ್ಯಾಮೆರಾ ತರಬಹುದು, ತಿಂಗಳ ರೀಚಾರ್ಜ್ ತಪ್ಪಿಸಬಾರದು ಅಷ್ಟೇ. ನಮಗೆ ಎರಡೂ ಆಗುವಂತಿರಲಿಲ್ಲ. ಫೈಬರ್ ಹಾಕಿದೆವು.

ಫೈಬರ್ ಅಂದರೆ ಗಾಜಿನ ಎಳೆ. ಹೆಚ್ಚುಕಡಿಮೆ ತಲೆಕೂದಲಿನ ದಪ್ಪ, ಅದರ ನಡುವೆ ಬೆಳಕು ಓಡುವ ದಾರಿ ಇನ್ನೂ ಸಣ್ಣದು. ಇದರಲ್ಲಿ ಕರೆಂಟು ಹರಿಯುವುದಿಲ್ಲ. ಅದೇ ಇದರ ದೊಡ್ಡ ಗುಣ, ಅದೇ ಕೊರತೆ. ಗುಣ ಯಾಕೆಂದರೆ, ಭರಣಿ, ಕೃತ್ತಿಕೆ ಮಳೆಯ ಹೊತ್ತಿನಲ್ಲಿ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಹೊಲದಲ್ಲಿ ಹಾಸಿದ ತಾಮ್ರದ ತಂತಿ ಅದರ ಹೊಡೆತವನ್ನು ಮನೆಯೊಳಕ್ಕೆ ಹೊತ್ತು ತರುತ್ತೆ. ಕ್ಯಾಮೆರಾ ಹೋಗುವುದಲ್ಲದೆ ಇಂಟರ್ನೆಟ್ ಡಬ್ಬಿ, ಟಿ.ವಿ. ಕೂಡ ಹೋಗುತ್ತವೆ. ಸರ್ಜ್ ತಡೆಯುವ ಡಬ್ಬಿಗಳಿವೆ, ತಾಮ್ರ ಎಳೆದವರು ಎರಡೂ ತುದಿಗೆ ಹಾಕಲೇಬೇಕು, ಅವಕ್ಕೆ ಅರ್ಥಿಂಗ್ ಗಟ್ಟಿಯಾಗಿರಬೇಕು. ಆದರೆ ಗಾಜಿನಲ್ಲಿ ಸಿಡಿಲು ನಡೆದುಬರಲು ದಾರಿಯೇ ಇಲ್ಲ. ಆದ್ದರಿಂದ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಬಯಲು ದಾಟುವಾಗ ದೂರ 60 ಮೀಟರೇ ಇದ್ದರೂ ನಾನು ಫೈಬರನ್ನೇ ಹೇಳುತ್ತೇನೆ.

ಒಂದು ಎಚ್ಚರ. ಮನೆಗೆ ಎಳೆಯುವ ಚಪ್ಪಟೆ ಡ್ರಾಪ್ ಕೇಬಲಿನಲ್ಲಿ ಬಿಗಿಗೆ ಅಂತ ಉಕ್ಕಿನ ತಂತಿ ಇರುತ್ತೆ. ಸಿಡಿಲಿಗೆ ಆ ಉಕ್ಕು ಸಾಕು. ಉಕ್ಕಿನ ಬದಲು ಎಫ್.ಆರ್.ಪಿ. ಕಡ್ಡಿ ಇರುವುದನ್ನು ಕೇಳಿ ತಗೊಳ್ಳಿ. ಸಿಗದಿದ್ದರೆ ಎರಡೂ ತುದಿಯಲ್ಲಿ ಉಕ್ಕನ್ನು ಗೋಡೆಯ ಹೊರಗೇ ಕತ್ತರಿಸಿಬಿಡಿ, ಯಂತ್ರದ ಹತ್ತಿರ ತರಬೇಡಿ.

ಮನೆಗೆ ಬಂದಿರುವ ಕಂಪನಿಯ ಫೈಬರನ್ನೇ ಕವಲು ಮಾಡಿ ಹೊಲಕ್ಕೆ ಒಯ್ಯುತ್ತೇನೆ ಅಂದರೆ ಆಗುವುದಿಲ್ಲ. ಅದು ಅವರ ಡಬ್ಬಿಯಲ್ಲಿ ಮುಗಿಯಬೇಕು. ಆ ಡಬ್ಬಿಯ ಲ್ಯಾನ್ ತೂತಿನಿಂದ ಸಣ್ಣ ತಂತಿ ತೆಗೆದು ಮೀಡಿಯಾ ಕನ್ವರ್ಟರ್ ಅನ್ನುವ ಯಂತ್ರಕ್ಕೆ ಕೊಡಬೇಕು. ಅದು ಕರೆಂಟಿನ ಮಾತನ್ನು ಬೆಳಕಿನ ಮಾತು ಮಾಡುತ್ತೆ. ರೊಪ್ಪದಲ್ಲಿ ಇನ್ನೊಂದು ಕನ್ವರ್ಟರ್ ಬೆಳಕನ್ನು ಮತ್ತೆ ತಂತಿಗೆ ಇಳಿಸುತ್ತೆ. ಸಿಂಗಲ್ ಮೋಡ್ ಕನ್ವರ್ಟರ್ ಮೇಲೆ 20 ಕಿಲೋಮೀಟರ್ ಅಂತ ಬರೆದಿರುತ್ತೆ, ನಮ್ಮ 280 ಮೀಟರ್ ಅದಕ್ಕೆ ಅಂಗಳ ದಾಟಿದಂತೆ.

ಕೊಳ್ಳುವಾಗ ಜೋಡಿ ನೋಡಿಕೊಳ್ಳಿ. ಒಂದೇ ಎಳೆಯಲ್ಲಿ ಹೋಗಿ ಬರುವ ಕನ್ವರ್ಟರುಗಳಲ್ಲಿ ಎ, ಬಿ ಅಂತ ಇರುತ್ತೆ. ಒಂದು 1310ರ ಬೆಳಕಿನಲ್ಲಿ ಹೇಳಿ 1550ರಲ್ಲಿ ಕೇಳುತ್ತೆ, ಇನ್ನೊಂದು ತಿರುಗುಮುರುಗು. ಎರಡೂ ಎ ಬಂದರೆ ಎಷ್ಟು ಹೊತ್ತು ಕೂತರೂ ದೀಪ ಹತ್ತಲ್ಲ. ವೇಗವೂ ಹೊಂದಬೇಕು, ಒಂದು ಕಡೆ 100ರದ್ದು ಇನ್ನೊಂದು ಕಡೆ 1000ದ್ದು ಇಟ್ಟರೆ ಬೆಸೆಯಲ್ಲ. ಕ್ಯಾಮೆರಾಕ್ಕೆ 100ರ ಜೋಡಿ ಸಾಕು, ಅಗ್ಗವೂ ಹೌದು. ತುದಿಯ ಪ್ಲಗ್ಗಿನಲ್ಲಿ ನೀಲಿ, ಹಸಿರು ಎರಡು ಬಣ್ಣ. ಹಸಿರಿನ ಮೂತಿ ಓರೆಯಾಗಿ ಉಜ್ಜಿರುತ್ತೆ, ನೀಲಿಯದು ಹಾಗಲ್ಲ. ನೀಲಿಗೆ ನೀಲಿಯೇ, ಹಸಿರಿಗೆ ಹಸಿರೇ ಸೇರಬೇಕು.

ಗಾಜಿಗೆ ಗಾಜು ಬೆಸೆಯುವುದು ನಮ್ಮಿಂದ ಆಗುವ ಕೆಲಸವಲ್ಲ. ಕೇಬಲಿನವರ ಹತ್ತಿರ ಬೆಸುಗೆ ಯಂತ್ರ ಇರುತ್ತೆ, ಒಂದು ತುದಿಗೆ ಇಷ್ಟು ಅಂತ ತಗೊಂಡು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಎರಡೂ ತುದಿಯಲ್ಲಿ ಐದೈದು ಮೀಟರ್ ಸುರುಳಿ ಬಿಡಿ, ಮುಂದೆ ತುಂಡಾದರೆ ಮತ್ತೆ ಬೆಸೆಯಲು ಬೇಕಾಗುತ್ತೆ. ಸುರುಳಿ ಊಟದ ತಟ್ಟೆಯಗಲ ಇರಲಿ. ಮುರುಟಿ ಕಟ್ಟಿದರೆ ಬೆಳಕು ಬಗ್ಗಿದಲ್ಲೇ ಸೋರಿಹೋಗುತ್ತೆ. ದೀಪ ಬರುತ್ತಿದೆಯಾ ಅಂತ ತೂತಿನೊಳಗೆ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಲೇಸರ್.

ಆ ತುದಿಯ ಕರೆಂಟು

ಫೈಬರಿನ ಕೊರತೆ ಅಂದೆನಲ್ಲ, ಅದು ಇಲ್ಲಿ ಬರುತ್ತೆ. ಗಾಜು ಕರೆಂಟು ಒಯ್ಯುವುದಿಲ್ಲ, ಕ್ಯಾಮೆರಾಕ್ಕೂ ಕನ್ವರ್ಟರಿಗೂ ಅಲ್ಲೇ ಹುಟ್ಟಿಸಬೇಕು. ಪಂಪ್‌ಸೆಟ್ಟಿನ ಲೈನು ಕೊಡುವುದು ದಿನಕ್ಕೆ ಏಳು ತಾಸು, ಅದೂ ಪಾಳಿ ಮೇಲೆ. ಅದನ್ನು ನಂಬುವಂತಿಲ್ಲ. ಸೋಲಾರೇ ಗತಿ.

ಲೆಕ್ಕ ಹೀಗೆ. ಕ್ಯಾಮೆರಾ 5 ವಾಟ್, ಕನ್ವರ್ಟರ್ 3, ಒಟ್ಟು 8. ಇಪ್ಪತ್ನಾಲ್ಕು ತಾಸಿಗೆ 192, ಇನ್ನೂರು ಅಂತಲೇ ಇಟ್ಟುಕೊಳ್ಳಿ. 12 ವೋಲ್ಟ್ 60 ಆಂಪ್ ಅವರ್ ಬ್ಯಾಟರಿಯಲ್ಲಿ 720 ಇರುತ್ತೆ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತೆ, ಹಾಗಾಗಿ ಕೈಗೆ ಸಿಗುವುದು 360. ಬಿಸಿಲೇ ಇಲ್ಲದೆ ಒಂದೂ ಮುಕ್ಕಾಲು ದಿನ. 100 ವಾಟಿನ ಪ್ಯಾನೆಲ್ ಒಳ್ಳೇ ಬಿಸಿಲಿನ ದಿನ ಬೇಕಾದ್ದರ ಇಮ್ಮಡಿ ಕೊಡುತ್ತೆ, ಆಷಾಢದ ಮೋಡದಲ್ಲೂ ಅಷ್ಟಿಷ್ಟು ಬರುತ್ತೆ. 40 ವಾಟಿನ ಪ್ಯಾನೆಲ್ ಸಾಕು ಅನ್ನುವ ಮಾತು ಬೇಸಗೆಗೆ ಸರಿ, ಆಷಾಢಕ್ಕಲ್ಲ. ಪ್ಯಾನೆಲ್ ತೆಂಕಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆ ಇರಲಿ, ಕುರಿ ಮೈ ಉಜ್ಜದಷ್ಟು ಎತ್ತರದಲ್ಲಿರಲಿ.

ಸೋಲಾರ್ ಇರುವಲ್ಲಿ 48ರ ಗೊಡವೆ ಬೇಡ. ಕ್ಯಾಮೆರಾದಲ್ಲಿ 12 ವೋಲ್ಟಿನ ತೂತು ಇದ್ದೇ ಇರುತ್ತೆ, ದೂರ ನಾಲ್ಕು ಮಾರು. ಆದರೆ ಚಾರ್ಜ್ ಆಗುವಾಗ ಬ್ಯಾಟರಿ 14ರ ಮೇಲೆ ಹೋಗುತ್ತೆ, ಆದ್ದರಿಂದ ನಡುವೆ 12ಕ್ಕೆ ನಿಲ್ಲಿಸುವ ಸಣ್ಣ ಕನ್ವರ್ಟರ್ ಹಾಕಿ. ಕೆಲವು ಮೀಡಿಯಾ ಕನ್ವರ್ಟರುಗಳಿಗೆ ಬೇಕಾದ್ದು 5 ವೋಲ್ಟ್. ಹಿಂದೆ ಬರೆದದ್ದು ಓದಿಯೇ ಚುಚ್ಚಬೇಕು. ಮನೆ ತುದಿಯನ್ನೂ ಮರೆಯಬಾರದು. ಮನೆಯಲ್ಲಿ ಕರೆಂಟು ಹೋದರೆ ಇಂಟರ್ನೆಟ್ ಡಬ್ಬಿಯೂ ಅಲ್ಲಿನ ಕನ್ವರ್ಟರೂ ಮಲಗುತ್ತವೆ, ರೊಪ್ಪದಲ್ಲಿ ಸೋಲಾರ್ ಇದ್ದೂ ಚಿತ್ರ ಬರಲ್ಲ. ರೂಟರಿಗೆ ಅಂತಲೇ ಮಾರುವ ಪುಟ್ಟ ಯು.ಪಿ.ಎಸ್. ಒಂದು ಸಾಕು. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಹಾಕಿಡಿ, ದಾರಿ ತುಂಡಾದರೂ ಅದು ಬರೆದುಕೊಳ್ಳುತ್ತಿರುತ್ತೆ.

ನಮ್ಮ ಖರ್ಚಿನಲ್ಲಿ ಗಾಜಿನ ಎಳೆ, ಕನ್ವರ್ಟರ್ ಜೋಡಿ ಸೇರಿ ಐದು ಸಾವಿರದೊಳಗೆ ಮುಗಿಯಿತು. ಅದರ ಇಮ್ಮಡಿ ಹೋದದ್ದು 32 ಎಂ.ಎಂ. ಎಚ್.ಡಿ.ಪಿ.ಇ. ಪೈಪಿಗೆ. ಪೈಪು ಉಳಿಸಬೇಡಿ. ಇಲಿ, ಹೆಗ್ಗಣಕ್ಕೆ ಈ ಹೊದಿಕೆ ಕಡಿಯುವುದೆಂದರೆ ಪ್ರೀತಿ. ಬದುವಿನ ಪಕ್ಕದಲ್ಲಿ ಎರಡು ಅಡಿ ಆಳ ಹೂಳಿ, ನೇಗಿಲು ಅಲ್ಲಿಗೆ ಇಳಿಯುವುದಿಲ್ಲ. ಪೈಪಿನೊಳಗೆ ಒಂದು ನೈಲಾನ್ ಹಗ್ಗವನ್ನೂ ಬಿಟ್ಟಿರಿ, ಮುಂದೆ ಇನ್ನೊಂದು ಎಳೆ ಬೇಕೆಂದರೆ ಅಗೆಯುವ ಕೆಲಸವಿಲ್ಲ. ಎಲ್ಲೆಲ್ಲಿ ತಿರುಗುತ್ತೆ ಅಂತ ಕಲ್ಲು ನೆಟ್ಟು ಗುರುತು ಮಾಡಿ, ಜೆ.ಸಿ.ಬಿ.ಯವನಿಗೆ ನೆಲದೊಳಗಿನದು ಕಾಣುವುದಿಲ್ಲ. ರೊಪ್ಪದ ಡಬ್ಬಿಗೆ ತಂತಿ ಕೆಳಗಿನಿಂದಲೇ ಒಳಹೋಗಲಿ, ಮೇಲಿನಿಂದ ಬಿಟ್ಟರೆ ಮಳೆನೀರು ಅದೇ ಜಾಡು ಹಿಡಿದು ಬರುತ್ತೆ. ಬೆಸೆಯುವಾಗ ಕತ್ತರಿಸಿದ ಗಾಜಿನ ಚೂರು ನೆಲಕ್ಕೆ ಬೀಳಲು ಬಿಡಬೇಡಿ, ಕಣ್ಣಿಗೆ ಕಾಣಲ್ಲ, ಕುರಿಯ ಗೊರಸಿಗೂ ಮಕ್ಕಳ ಕಾಲಿಗೂ ನೆಡುತ್ತೆ. ನಾವು ಒಂದು ಕಾಗದದ ಮೇಲೆ ಹಿಡಿದು ಖಾಲಿ ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆವು.